ಬಿಸಿನೀರ ತೊಟ್ಟಿಯೂ ಕ್ಲೋರಿನ್ ಡಬ್ಬಿಯೂ

(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಊರಿನ ಬಚ್ಚಲಮನೆಯಲ್ಲಿ ಹಂಡೆಯ ನೀರು ಕಾಯಿಸಿ ಮಿಂದವರು ನಾವು. ನೀರು ಕಾದರೆ ಶುದ್ಧವಾಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಂಡೆಯ ಮಟ್ಟಿಗೆ ಅದರಿಂದ ಕೇಡಿಲ್ಲ. ಮೈಮೇಲೆ ಬಿದ್ದ ತಂಬಿಗೆ ನೀರು ತೆಂಗಿನ ಬುಡಕ್ಕೆ ಹರಿದುಹೋಗುತ್ತದೆ, ಹಂಡೆಗೆ ಹಿಂದಿರುಗುವುದಿಲ್ಲ. ಈ ಮುಂಬಯಿಯ ಹೋಟೆಲು, ಕ್ಲಬ್ಬುಗಳಲ್ಲಿ ಸ್ಪಾ ಎಂದೂ ಜಕೂಜಿ ಎಂದೂ ಕರೆಯುವ ತೊಟ್ಟಿಯಲ್ಲಾದರೋ ಅದೇ ನೀರು ದಿನಗಟ್ಟಲೆ ಸುತ್ತುತ್ತಿರುತ್ತದೆ. ಇಳಿದವರ ಬೆವರು, ಎಣ್ಣೆ, ಕೊಳೆ ಎಲ್ಲವೂ ಅದರಲ್ಲೇ. ಅದರ ಶಾಖ 40 ಡಿಗ್ರಿ ಸೆಂಟಿಗ್ರೇಡನ್ನು ಮೀರಕೂಡದೆಂಬುದು ನಿಯಮ. ಆ ಶಾಖಕ್ಕೆ ಕ್ರಿಮಿ ಸಾಯುವುದಿಲ್ಲ, ಸುಖವಾಗಿ ಬೆಳೆಯುತ್ತದೆ.

ನಮ್ಮಲ್ಲಿ ಇಂಥ ತೊಟ್ಟಿಗೆ ಇಳಿಯುವವರು ವಿರಳ. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುವವರು ಉಂಟು, ಅದಕ್ಕೆ ಬೇಕಾದ ಪುಡಿಯ ಲೆಕ್ಕ ಬರೆಯುವ ಗುಮಾಸ್ತರೂ ಉಂಟು. ಅವರಿಗಾಗಿಯೇ ಈ ನಾಲ್ಕು ಮಾತು.

1999ರ ಫೆಬ್ರವರಿಯಲ್ಲಿ ಹಾಲೆಂಡಿನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿ ಪುಷ್ಪಪ್ರದರ್ಶನ ನಡೆಯಿತು. ಜನರಿಗೆ ತೋರಿಸುವುದಕ್ಕೆಂದು ಅಲ್ಲಿ ಇಂಥ ಸುಳಿನೀರಿನ ತೊಟ್ಟಿಯನ್ನೂ ನಡೆಸಿ ಇಟ್ಟಿದ್ದರು. ಅದರಲ್ಲಿ ಲೀಜಿಯೊನೆಲ್ಲಾ ಎಂಬ ಕ್ರಿಮಿ ಬೆಳೆದು, ಗುಳ್ಳೆಗಳಿಂದೇಳುವ ಸೂಕ್ಷ್ಮ ತುಂತುರಿನೊಡನೆ ಗಾಳಿಗೆ ಸೇರಿತು. ನೀರಿಗೆ ಇಳಿಯದೆ ಸುಮ್ಮನೆ ಹತ್ತಿರ ಹಾದುಹೋದವರಿಗೂ ನ್ಯುಮೋನಿಯಾ ಹಿಡಿಯಿತು. ನೂರಾರು ಮಂದಿ ಹಾಸಿಗೆ ಹಿಡಿದರು, ಸುಮಾರು 30 ಮಂದಿ ಸತ್ತರು. ಎಂದ ಮೇಲೆ ದಿನವಿಡೀ ಪಕ್ಕದಲ್ಲಿ ನಿಲ್ಲುವ ಕೆಲಸಗಾರನ ಪಾಡೇನೆಂದು ನೀವೇ ಯೋಚಿಸಿರಿ.

ಇದನ್ನು ತಡೆಯುವುದು ಕ್ಲೋರಿನ್. ಆದರೆ ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಕರಗಿ ಹೋಗುತ್ತದೆ. ಗುಳ್ಳೆಗಳು ನೀರಿನಲ್ಲಿರುವ ಇಂಗಾಲಾಮ್ಲವನ್ನು ಹೊರದೂಡುವುದರಿಂದ ನೀರು ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರ ಹೆಚ್ಚಿದರೆ ಕ್ಲೋರಿನ್ ಇದ್ದೂ ಇಲ್ಲದಂತೆ: ಪಿ.ಎಚ್. 7.5 ಇರುವಾಗ ಅದರ ಅರ್ಧಭಾಗ ಚುರುಕಾದ ರೂಪದಲ್ಲಿರುತ್ತದೆ, 8ಕ್ಕೆ ಏರಿತೆಂದರೆ ಸುಮಾರು ಕಾಲುಭಾಗ ಮಾತ್ರ. ಆದುದರಿಂದ ಪಿ.ಎಚ್. 7.2ರಿಂದ 7.8ರೊಳಗೆ ಇರಬೇಕು. ಈಜುಕೊಳಕ್ಕೆ ದಶಲಕ್ಷದಲ್ಲಿ ಕಡಮೆಯೆಂದರೆ 1 ಭಾಗ ಕ್ಲೋರಿನ್ ಸಾಕು. ಬಿಸಿತೊಟ್ಟಿಗೆ 3 ಭಾಗವಾದರೂ ಬೇಕು.

ಲೆಕ್ಕ ಸುಲಭ. 1000 ಲೀಟರಿಗೆ 1 ಗ್ರಾಂ ಕ್ಲೋರಿನ್ ಎಂದರೆ ದಶಲಕ್ಷದಲ್ಲಿ 1 ಭಾಗ. 2 ಲಕ್ಷ ಲೀಟರಿನ ಕೊಳಕ್ಕೆ, ನೂರಕ್ಕೆ 65 ಪಾಲು ಕ್ಲೋರಿನ್ ಇರುವ ಹರಳುಪುಡಿ ಸುಮಾರು 300 ಗ್ರಾಂ ಹಿಡಿಯುತ್ತದೆ. 1500 ಲೀಟರಿನ ತೊಟ್ಟಿಗೆ 3 ಭಾಗ ಬರಲು ಅದೇ ಪುಡಿ 7 ಗ್ರಾಂ. ಕೊಳಕ್ಕೆ ಸುರಿಯುವ ಮಗ್ಗನ್ನೇ ತೊಟ್ಟಿಗೂ ಸುರಿದರೆ ಇಳಿದವನ ಚರ್ಮದ ಗತಿ ಹೇಳಬೇಕಾಗಿಲ್ಲ. ಇಲ್ಲೊಂದು ಮೋಸವೂ ಉಂಟು. ಡಿ.ಪಿ.ಡಿ. ಗುಳಿಗೆ ಹಾಕಿ ಪರೀಕ್ಷಿಸಿದಾಗ ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣ ತಾಳಬೇಕಷ್ಟೆ. ಕ್ಲೋರಿನ್ ವಿಪರೀತ ಹೆಚ್ಚಿದರೆ ಆ ಬಣ್ಣವೂ ಬಿಳಿಚಿಹೋಗಿ ಏನೂ ಇಲ್ಲವೆಂಬಂತೆ ಕಾಣುತ್ತದೆ. ಹೊಸಬ ಅದನ್ನು ನಂಬಿ ಇನ್ನಷ್ಟು ಸುರಿಯುತ್ತಾನೆ. ಇಂಥ ಸಂದೇಹ ಬಂದರೆ ಮಾದರಿಗೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೊಮ್ಮೆ ನೋಡಬೇಕು.

ಮೂಗನ್ನೂ ನಂಬಬೇಡಿ. ಕಣ್ಣುರಿಸುವ ಆ ಘಾಟು ಕ್ಲೋರಿನ್ ಹೆಚ್ಚಾದುದರ ಗುರುತಲ್ಲ. ಬೆವರು, ಮೂತ್ರಗಳೊಡನೆ ಕ್ಲೋರಿನ್ ಕೂಡಿ ಹುಟ್ಟಿದ ವಸ್ತುವಿನದು. ಮಿಂದು ಇಳಿಯಿರಿ ಎಂಬ ಹಲಗೆಯನ್ನು ಯಾರೂ ಓದುವುದಿಲ್ಲ, ಆ ಮಾತು ಬೇರೆ.

ಇನ್ನು ಪಂಪ್ ರೂಮಿನ ವಿಷಯ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಮೀಯಲು ಬಂದವರು ತುರಿಕಜ್ಜಿಯೊಡನೆ ಮನೆಗೆ ಹೋದಾರು, ಇಲ್ಲಿ ತಪ್ಪಿದರೆ ಹೋಗುವುದು ನಮ್ಮವನ ಪ್ರಾಣ. ಕ್ಲೋರಿನ್ ಪುಡಿಗೋ ದ್ರಾವಣಕ್ಕೋ ಆಸಿಡ್ ತಗಲಿತೆಂದರೆ ಆ ಕ್ಷಣವೇ ವಿಷಾನಿಲ ಏಳುತ್ತದೆ. ಎರಡೂ ಕ್ಲೋರಿನ್ನೇ ತಾನೆ ಎಂದು ಹರಳುಪುಡಿಯನ್ನೂ ಟ್ರೈಕ್ಲೋರ್ ಬಿಲ್ಲೆಯನ್ನೂ ಒಂದೇ ಡಬ್ಬಿಗೆ ಹಾಕಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಅಳತೆಯ ಚಮಚ ಸಹ ಒಂದೊಂದಕ್ಕೆ ಒಂದೊಂದು ಇರಬೇಕು. ಪುಡಿಯ ಮೇಲೆ ನೀರು ಹೊಯ್ಯಬಾರದು; ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಆಸಿಡ್ಡಿಗೂ ಇದೇ ಕ್ರಮ. ಇಲ್ಲಿಯ ಮಳೆಗಾಲದಲ್ಲಿ ನೆಲಮಾಳಿಗೆಯ ಗೋಡೆ ಜಿನುಗುತ್ತದೆ, ಆದ್ದರಿಂದ ಡಬ್ಬಿಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಆಸಿಡ್ಡಿನಿಂದ ದೂರ ಇಡಬೇಕು. ಉಗ್ರಾಣದ ಗುಮಾಸ್ತರೆ, ಇದು ನಿಮ್ಮ ಕೈಯಲ್ಲಿರುವ ಕೆಲಸ.

ಪಂಪು ನಿಂತು, ಔಷಧ ಬಿಡುವ ಯಂತ್ರ ಮಾತ್ರ ನಡೆಯುತ್ತಿದ್ದರೆ ಕೊಳವೆಯೊಳಗೇ ಆಸಿಡ್ಡೂ ಕ್ಲೋರಿನ್ನೂ ಕೂಡುತ್ತವೆ. ಮತ್ತೆ ಪಂಪು ಹಾಕಿದಾಗ ಅನಿಲ ಮೀಯುವವರ ಮುಖಕ್ಕೇ ನುಗ್ಗುತ್ತದೆ. ಮೊದಲು ಜನರನ್ನು ನೀರಿನಿಂದ ಮೇಲೆ ಕಳುಹಿಸಿ, ಆಮೇಲೆ ಗುಂಡಿ ಒತ್ತಿರಿ.

ಕಣ್ಣಿಗೆ ಕಾಪು, ರಬ್ಬರಿನ ಕೈಗವಸು ಕೇಳಲು ಸಂಕೋಚಪಡಬೇಡಿ. ಅತಿಥಿಗಳ ಟವಲಿಗೆ ಅತ್ತರು ಹಾಕುವಷ್ಟು ಹಣವಿರುವ ಮಾಲೀಕರಿಗೆ ಇದೊಂದು ಖರ್ಚೆ! ಕಣ್ಣಿಗೆ ಏನಾದರೂ ಸಿಡಿದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರರ ಬಳಿಗೆ ಹೋಗಿರಿ. ಅನಿಲ ಎದ್ದರೆ ಡಬ್ಬಿ ಎತ್ತಿಡಲು ನಿಲ್ಲದೆ ಹೊರಗೋಡಿರಿ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ತಂಗುತ್ತದೆ; ಮೆಟ್ಟಿಲು ಹತ್ತಿ ಬಯಲಿಗೆ ಬನ್ನಿ. ಒಳಗೆ ಜೊತೆಗಾರ ಉಳಿದಿದ್ದರೆ ಒಬ್ಬರೇ ನುಗ್ಗದೆ ಅಗ್ನಿಶಾಮಕ ದಳವನ್ನು ಕರೆಯಿರಿ.