ಸುಳ್ಳಾಗಬಲ್ಲ ಮಾತು



1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗಕ್ಕೂ ಮೂರ್ಛೆರೋಗಕ್ಕೂ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡುವುದು ಅದರ ಉದ್ದೇಶ. ಈ ಮಾದರಿಯನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಯಿತು. ಬಳ್ಳಾರಿಯವರು ಹೆಮ್ಮೆಪಡಬೇಕಾದ ಸಂಗತಿ ಇದು.

ಇಂಥ ಕೆಲಸದಿಂದ ನೂರಾರು ಪ್ರಶ್ನೆಗಳು ಹುಟ್ಟುತ್ತವೆ. ಸಿರುಗುಪ್ಪ ರಸ್ತೆಯ ನಮ್ಮ ತೆಕ್ಕಲಕೋಟೆಯಲ್ಲಿ ಒಬ್ಬ ವಿದ್ಯಾರ್ಥಿನಿ ಸಂಶೋಧನೆಗೆ ಇಳಿದಳೆನ್ನಿ. 'ಮನೋರೋಗಿಗಳು ಗುಳಿಗೆಯನ್ನು ನಡುವೆಯೇ ಬಿಡುವುದೇಕೆ ಎಂದು ತಿಳಿಯಬೇಕು' ಎಂದು ಬರೆದುಕೊಳ್ಳುತ್ತಾಳೆ. ಇದು ಉದ್ದೇಶ. ಎತ್ತ ಹೊರಟಿದ್ದೇವೆ ಎಂಬುದು ಗೊತ್ತಾಯಿತು, ಅಷ್ಟೇ. 'ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ಮನೆಗೆ ಬಂದು ಹೋಗುವ ರೋಗಿಗಳಲ್ಲಿ, ಆರು ತಿಂಗಳೊಳಗೆ ಗುಳಿಗೆ ಬಿಡುವವರು ಉಳಿದವರಿಗಿಂತ ಕಡಿಮೆ' ಎಂದರೆ ಅದು ಪ್ರಾಕ್ಕಲ್ಪನೆ. ಇಲ್ಲಿ ಯಾರನ್ನು ಯಾರಿಗೆ ಹೋಲಿಸಬೇಕು, ಏನನ್ನು ಎಣಿಸಬೇಕು, ಎಷ್ಟು ಕಾಲ ಎಂಬುದೆಲ್ಲ ಇದೆ. ಎಲ್ಲಕ್ಕಿಂತ ಮುಖ್ಯ, ಈ ಮಾತು ಸುಳ್ಳಾಗಬಹುದು. ಸುಳ್ಳಾಗಲು ದಾರಿಯೇ ಇಲ್ಲದ ಮಾತನ್ನು ನಾನು ಪ್ರಾಕ್ಕಲ್ಪನೆ ಎನ್ನಲಾರೆ.

ಆ ವಿದ್ಯಾರ್ಥಿನಿಯ ಪ್ರಾಕ್ಕಲ್ಪನೆ ಸುಳ್ಳಾಗುವುದು ಹೇಗೆ? ಕಾರ್ಯಕರ್ತೆ ಮನೆಗೆ ಬರುವುದು ಒಳ್ಳೆಯದೇ ಎಂದು ನಮಗೆ ತೋರುತ್ತದೆ. ಆದರೆ ಓಣಿಯಲ್ಲಿ ಎಲ್ಲರೂ ನೋಡುತ್ತಾರಲ್ಲ! 'ಅವರ ಮನಿಗೆ ಯಾಕ ಬಂದಾಳ?' ಎಂಬ ಮಾತಿಗೆ ಅಂಜಿ, ಮಗಳ ಮದುವೆಯ ಚಿಂತೆಯಿರುವ ತಾಯಿ ಔಷಧಿಯನ್ನೇ ನಿಲ್ಲಿಸಿಬಿಡಬಹುದು. ಹಾಗಾದರೆ ಫಲ ತಿರುವುಮುರುವು. ಅದಕ್ಕೇ ಪ್ರಾಕ್ಕಲ್ಪನೆ ಬರೆಯುವ ಮೊದಲು ಮನೆಯವರ ಮಾತಿಗೆ ಕಿವಿಗೊಡಬೇಕು. ಬರೀ ಪುಸ್ತಕ ಓದಿ ಕಟ್ಟಿದ ಊಹೆಗೆ ಓಣಿ ಕಾಣುವುದಿಲ್ಲ. ಎರಡೂ ಸಾಧ್ಯವೆನಿಸಿದರೆ, ಹೆಚ್ಚೋ ಕಡಿಮೆಯೋ ಎನ್ನದೆ 'ವ್ಯತ್ಯಾಸವಿದೆ' ಎಂದಷ್ಟೇ ಬರೆಯುವುದೂ ಪ್ರಾಮಾಣಿಕವೇ.

ಪ್ರಾಕ್ಕಲ್ಪನೆಯ ಎದುರಿಗೆ 'ಎರಡು ಗುಂಪುಗಳಲ್ಲಿ ವ್ಯತ್ಯಾಸವಿಲ್ಲ' ಎಂಬ ಶೂನ್ಯ ಪ್ರಾಕ್ಕಲ್ಪನೆಯನ್ನು ನಿಲ್ಲಿಸುತ್ತಾರೆ. ಸಂಖ್ಯಾಶಾಸ್ತ್ರದ ಪರೀಕ್ಷೆ ನಡೆಯುವುದು ಅದರ ಮೇಲೆಯೇ. ಲೆಕ್ಕ ಹಾಕಿದ ಮೇಲೆ ಅದು ಬೀಳದಿದ್ದರೆ 'ವ್ಯತ್ಯಾಸವೇ ಇಲ್ಲ' ಎಂದು ಸಿದ್ಧವಾಯಿತು ಎನ್ನಬಾರದು. ವ್ಯತ್ಯಾಸವಿದೆ ಎನ್ನಲು ನಮ್ಮಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ, ಅಷ್ಟೇ.

ಇದೆಲ್ಲವನ್ನೂ ಮೊದಲ ಮನೆಯ ಬಾಗಿಲು ತಟ್ಟುವ ಮೊದಲೇ ಬರೆದಿಡಬೇಕು. ಅಂಕಿ ಕೈಗೆ ಬಂದ ಮೇಲೆ ಅದಕ್ಕೆ ತಕ್ಕಂತೆ ಊಹೆ ಹೊಸೆದು, ಮೊದಲೇ ಹೇಳಿದ್ದೆವು ಎನ್ನುವುದು ರೋಗಿಗಳಿಗೂ ಮಾಡುವ ಅನ್ಯಾಯ. ಊಹೆ ಬಿದ್ದುಹೋದರೆ ಹಾಗೆಂದೇ ಪ್ರಕಟಿಸಲಿ. ಆಮೇಲೆ, ಗುಳಿಗೆ ಬಿಡಲು ಬೇರೆ ಕಾರಣಗಳೂ ಇರಬಹುದಲ್ಲ: ಬಸ್ಸಿನ ಖರ್ಚು, ತಪ್ಪಿದ ಕೂಲಿ, ಮುಗಿದುಹೋದ ಗುಳಿಗೆ, ಇವುಗಳಲ್ಲಿ ಯಾವುದನ್ನು ಮುಂದೆ ಅಳೆಯಬೇಕೆಂದು ಕೇಳಬಹುದು.