ಮೊಲದ ಮೈಶುಚಿ



ಕಾಸರಗೋಡಿನ ಮಗುವು ನೆರೆನುಡಿಯಲ್ಲಿ ‘ಮುಯಲ್’ ಎನ್ನಲಿ, ಸೊಲ್ಲಾಪುರದ ಮಗುವು ‘ಸಸಾ’ ಎನ್ನಲಿ, ಮೊಲ ಸಾಕಿದ ಮನೆಯ ಮಕ್ಕಳು ಮಾಡುವ ತಪ್ಪು ಬಹುಮಟ್ಟಿಗೆ ಒಂದೇ: ಸಾಬೂನು ಹಚ್ಚಿ ಅದಕ್ಕೆ ನೀರೆರೆಯುವುದು. ಸಾಕುಪ್ರಾಣಿಯ ಮೈ ತೊಳೆಯಬೇಕೆಂಬ ಪಾಠವನ್ನು ಎಮ್ಮೆಗೂ ಮೊಲಕ್ಕೂ ಸಮನಾಗಿ ಹೇಳಿಕೊಟ್ಟಿದ್ದರೆ ಆ ತಪ್ಪಿನಲ್ಲಿ ಶಾಲೆಗೂ ಪಾಲುಂಟು.

ಮೊಲವು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಗೊಳಿಸಿಕೊಳ್ಳುತ್ತದೆ. ಅದರ ದಟ್ಟವಾದ ಒಳರೋಮ ನೆನೆದರೆ ಬೇಗ ಆರದು; ಮೈಯ ಬಿಸಿ ಇಳಿಯುತ್ತದೆ. ನೀರಿನಲ್ಲಿ ಹಿಡಿದಿಟ್ಟಾಗ ಬೆದರಿ ಹಿಂಗಾಲು ಝಾಡಿಸಿದರೆ ಬೆನ್ನುಮೂಳೆ ಮುರಿಯುವುದುಂಟು. ಭಯದಿಂದಲೇ ಪ್ರಾಣ ಬಿಡುವುದೂ ಉಂಟು. ಕಿವಿ ಹಿಡಿದು ಎತ್ತುವುದಂತೂ ಸಲ್ಲದು. ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ ಇರಬೇಕು.

ಮೊಲಕ್ಕೆ ಬೇಕಾದದ್ದು ಬಾಚಣಿಗೆ. ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಬಾಚಿದರೆ ಸಾಕು. ರೋಮ ಉದುರುವ ಕಾಲದಲ್ಲಿ, ಹಾಗೂ ಅಂಗೋರಾದಂಥ ಉದ್ದ ರೋಮದ ತಳಿಗೆ, ದಿನವೂ ಬಾಚಬೇಕು. ಬೆಕ್ಕು ನುಂಗಿದ ರೋಮವನ್ನು ಕಕ್ಕುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ನುಂಗಿದ್ದೆಲ್ಲ ಕರುಳಿನ ಮೂಲಕವೇ ಸಾಗಬೇಕು. ಒಣಹುಲ್ಲು ಸಾಕಷ್ಟು ದೊರೆಯದಿದ್ದರೆ ಕರುಳಿನ ಚಲನೆ ಕುಂದಿ ರೋಮವು ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಮೊಲವು ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಕುಳಿತರೆ ಮರುದಿನಕ್ಕೆ ಕಾಯದೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಹಿಂಭಾಗವನ್ನು ದಿನವೂ ನೋಡಬೇಕು. ಮೊಲವು ತನ್ನ ಮೆತ್ತನೆಯ ಹಿಕ್ಕೆಯನ್ನು ಮರಳಿ ತಿನ್ನುತ್ತದೆ. ಮಕ್ಕಳು ‘ಛೀ’ ಎಂದು ನಕ್ಕಾಗ, ದನ ಮೆಲುಕು ಹಾಕುವಂತೆ ಇದು ಮೊಲದ ಎರಡನೆಯ ಊಟವೆಂದು ತಿಳಿಸಬಹುದು; ತರಗತಿಗೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಬೇಕಿಲ್ಲ. ಬೊಜ್ಜು ಬಂದ ಅಥವಾ ಮುದಿಯಾದ ಮೊಲಕ್ಕೆ ಅಲ್ಲಿಗೆ ಬಾಯಿ ಎಟುಕದು. ಹಿಕ್ಕೆ ಅಂಟಿ, ಮೂತ್ರದಿಂದ ತೊಯ್ದ ರೋಮದಲ್ಲಿ ನೊಣವು ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳುಗಳು ಹೊರಬಂದು ಚರ್ಮವನ್ನು ತಿನ್ನತೊಡಗುತ್ತವೆ. ಆದುದರಿಂದ ಕೊಳೆಯಾದ ಆ ಭಾಗವನ್ನಷ್ಟೇ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಬೆಳಗೂ ಸಂಜೆಯೂ ನೋಡುವುದು ಲೇಸು. ಗೂಡಿನ ತೊಯ್ದ ಹುಲ್ಲನ್ನು ದಿನವೂ ತೆಗೆಯದೆ ಮೊಲವನ್ನು ಮಾತ್ರ ಒರೆಸುವುದು ವ್ಯರ್ಥ.

ಉಗುರಿನ ತುದಿ ಕತ್ತರಿಸುವ ಕೆಲಸ ಹಿರಿಯರದು. ಬಿಳಿಯ ಉಗುರಿನೊಳಗೆ ಕೆಂಪು ರಕ್ತನಾಳ ಕಾಣುತ್ತದೆ. ಕಪ್ಪು ಉಗುರಿಗೆ ಹಿಂದಿನಿಂದ ಟಾರ್ಚ್ ಹಿಡಿಯಬೇಕು.

ಇದೆಲ್ಲ ಸಾಕುಮೊಲದ ಮಾತು. ತಾಳವಾಡಿಯಂಥ ಕಾಡಂಚಿನ ಊರಿನಲ್ಲಿ ಮಗುವು ಹೊಲದಿಂದ ಮರಿಯೊಂದನ್ನು ತಂದರೆ ಅದು ಬೇರೆಯೇ ಜಾತಿಯ ಕಾಡುಮೊಲ; ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿದು ಸಾಕುವಂತಿಲ್ಲ. ಕಾಡುಮೊಲದ ತಾಯಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು, ಹಾಲೂಡುವ ಹೊತ್ತಿಗೆ ಮಾತ್ರ ಬರುತ್ತದೆ; ಒಂಟಿಯಾಗಿ ಕಂಡ ಮರಿಯೆಲ್ಲ ತಬ್ಬಲಿಯಲ್ಲ. ಗದರಿಸದೆ, ಮರಿಯನ್ನು ಸಿಕ್ಕ ಜಾಗದಲ್ಲಿಯೇ ಬಿಟ್ಟುಬರಲು ಉಪಾಧ್ಯಾಯರು ಮಗುವಿನ ಜೊತೆಗೆ ಹೋಗುವುದು ಒಳಿತು.