ರೋಹಿಣಿ ಮಳೆಯ ಗಡ್ಡೆ, ರೋಹಿಣಿ ಕಾರ್ತೆಯ ಬಿಸಿಲು
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕೈತೋಟದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಗವರ್ನರ್‌ಪೇಟೆಯಲ್ಲಿರುವ ನಮಗೆ ಕೈತೋಟ ಅಂದರೆ ತಾರಸಿ. ಕೆಳಗೆ ಅಂಗಡಿ, ಅದರ ಮೇಲೆ ಮನೆ, ಮನೆಯ ಮೇಲೆ ನೀರಿನ ಟ್ಯಾಂಕು. ಆ ಟ್ಯಾಂಕಿನ ನೆರಳು ಎಲ್ಲೆಲ್ಲಿ ಬೀಳುತ್ತದೋ ಅಲ್ಲಲ್ಲಿ ನಮ್ಮ ಕುಂಡಗಳು. ಇಷ್ಟು ಜಾಗಕ್ಕೆ ತಕ್ಕ ಹಾಗೆ ಒಂದೇ ಗಿಡದ ವಿಷಯ ಹೇಳುತ್ತೇನೆ. ಅದು ಡೇರೆ. ನೀವು ಡೇಲಿಯಾ ಅನ್ನಿ, ಪರವಾಗಿಲ್ಲ. ಶಿರಸಿ, ಸಾಗರದ ಕಡೆಯಿಂದ ಬಂದವರ ಬಾಯಲ್ಲಿ ಅದು ಡೇರೆಯೇ.

ನಮ್ಮೂರಲ್ಲಿ ರೋಹಿಣಿ ಅಂದರೆ ಮಳೆ. ಮೇ ಕೊನೆಯಲ್ಲಿ ರೋಹಿಣಿ ಮಳೆ ಬಿತ್ತೆಂದರೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಗಡ್ಡೆಗಳು ಹೊರಗೆ ಬರುತ್ತವೆ. ಆಷಾಢದ ಜಡಿಮಳೆಯಲ್ಲಿ ಗಿಡ ಎದ್ದು, ಚೌತಿಯ ಹೊತ್ತಿಗೆ ಅಂಗಳ ತುಂಬ ಹೂ. ಇಲ್ಲಿ ಬೆಜವಾಡದಲ್ಲಿ ಅದೇ ರೋಹಿಣಿಗೆ ಬೇರೆಯದೇ ಅರ್ಥ. ರೋಹಿಣಿ ಕಾರ್ತೆಯಲ್ಲಿ ರುಬ್ಬುವ ಕಲ್ಲೂ ಬಿರಿಯುತ್ತದೆ ಎನ್ನುತ್ತಾರೆ ಇಲ್ಲಿಯವರು. ಬಿಸಿಲು 45 ಡಿಗ್ರಿ ಮುಟ್ಟುವ ದಿನಗಳು ಅವು. ಮದುವೆಯಾಗಿ ಬಂದ ಹೊಸದರಲ್ಲಿ ಪಂಚಾಂಗ ನೋಡಿ ನನಗೆ ನಗು ಬರುತ್ತಿತ್ತು. ನಕ್ಷತ್ರ ಒಂದೇ, ಅಲ್ಲಿ ನೆಡುವ ಕಾಲ, ಇಲ್ಲಿ ಮುಚ್ಚಿಡುವ ಕಾಲ.

ಡೇರೆಯ ಮೂಲ ಮೆಕ್ಸಿಕೋದ ಬೆಟ್ಟಗಳು. ಹಗಲು ಬಿಸಿಲು, ರಾತ್ರಿ ತಂಪು ಅದಕ್ಕೆ ಒಗ್ಗಿದ್ದು. 1791ರಲ್ಲಿ ಸ್ಪೇನಿನ ಸಸ್ಯವಿಜ್ಞಾನಿ ಕವನಿಯೆಸ್ ಅದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಹೆಸರಿಟ್ಟರು. ನಮ್ಮ ತಾರಸಿಯ ಮೇಲೆ ಅಂಥ ತಂಪು ಸಿಗುವುದು ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ. ಆದ್ದರಿಂದ ಇಲ್ಲಿ ದಸರಾ ಮುಗಿದ ಮೇಲೆ ನೆಡಿ, ಸಂಕ್ರಾಂತಿಯ ಸುತ್ತಮುತ್ತ ಹೂ ನೋಡಿ. ಅಲ್ಲಿಗೆ ಸುಲಭದ ಕೆಲಸ ಮುಗಿಯಿತು. ಕಷ್ಟವಿರುವುದು ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ, ಗಡ್ಡೆ ಉಳಿಸಿಕೊಳ್ಳುವುದರಲ್ಲಿ.

ಇಷ್ಟೆಲ್ಲ ಯಾಕೆ, ಕಡಿಯಂ ನರ್ಸರಿಯ ಗಿಡ ಪ್ರತಿ ಚಳಿಗಾಲ ಗಾಡಿಯಲ್ಲಿ ಬರುತ್ತದಲ್ಲ, ಹೊಸದು ಕೊಂಡರಾಯಿತು ಎನ್ನುವವರಿದ್ದೀರಿ. ಬರೀ ಹೂ ಬೇಕಿದ್ದರೆ ಖಂಡಿತ ಹಾಗೇ ಮಾಡಿ. ನನ್ನ ಲೆಕ್ಕ ಬೇರೆ. ನನ್ನ ಹತ್ತಿರ ಇರುವುದು ಅಮ್ಮ ಬೆಳೆಸಿದ ಡೇರೆ. ಕಡುನೇರಳೆ ಎಸಳು, ತುದಿಗೆ ಮಾತ್ರ ಸುಣ್ಣ ಹಚ್ಚಿದ ಹಾಗೆ ಬಿಳಿ. ಅಮ್ಮ ಹೋದ ಮೇಲೆ ಊರಿನ ಮನೆಗೆ ಬೀಗ ಬಿತ್ತು, ಅಲ್ಲಿಯ ಗಿಡಗಳು ಉಳಿಯಲಿಲ್ಲ. ಬೀಜ ಹಾಕಿ ಆ ಹೂವನ್ನು ಮತ್ತೆ ತರಲು ಆಗುವುದಿಲ್ಲ. ಅನೇಕ ಗಿಡಗಳಲ್ಲಿ ವರ್ಣತಂತುಗಳು ಎರಡು ಪ್ರತಿ ಇದ್ದರೆ ತೋಟದ ಡೇರೆಯಲ್ಲಿ ಎಂಟು ಪ್ರತಿ ಇರುತ್ತವೆ. ಬೀಜದಿಂದ ಹುಟ್ಟುವ ಒಂದೊಂದು ಸಸಿಯೂ ಒಂದೊಂದು ಥರ. ಅದೇ ಹೂ ಬೇಕೆಂದರೆ ಅದೇ ಗಡ್ಡೆ ಉಳಿಯಬೇಕು, ಇಲ್ಲವೇ ಅದರ ಚಿಗುರು ಬೇರು ಬಿಡಬೇಕು.

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಅಂಗಳದಲ್ಲಿ ಫ್ಯೂಷಿಯಾ ಇದೆ, ಕಿವಿಯ ಜುಮುಕಿಯ ಹಾಗೆ ತೂಗುವ ಕೆಂಪು-ನೇರಳೆ ಹೂ. ಚಳಿ ತಾಳುವ ಜಾತಿಯದು. ಹಿಮ ಬಿದ್ದಾಗ ಮೇಲಿನದೆಲ್ಲ ಒಣಗಿದರೂ ಅವಳು ಆ ಕಡ್ಡಿಗಳನ್ನು ಕತ್ತರಿಸುವುದಿಲ್ಲ. ಬುಡಕ್ಕೆ ತರಗೆಲೆ ಹೊದಿಸಿ ಸುಮ್ಮನಿರುತ್ತಾಳೆ, ವಸಂತದಲ್ಲಿ ಮೊಳಕೆ ಕಂಡ ಮೇಲೆ ಕತ್ತರಿ ಹಿಡಿಯುತ್ತಾಳೆ. ಅವಳು ಹಿಮದಿಂದ ಬೇರು ಕಾಯುತ್ತಾಳೆ, ನಾನು ರೋಹಿಣಿ ಕಾರ್ತೆಯಿಂದ. ಊಟಿಗೆ ಹೋದವರು ಆ ಜುಮುಕಿ ಗಿಡವನ್ನು ಆಸೆಯಿಂದ ತಂದದ್ದನ್ನೂ ನೋಡಿದ್ದೇನೆ. ಇಲ್ಲಿಯ ಏಪ್ರಿಲನ್ನು ಅದು ದಾಟಲಿಲ್ಲ. ಬೇಡಿ ಅಂತಲೇ ನನ್ನ ಸಲಹೆ. ಅಲ್ಲೇ ನೋಡಿ, ಫೋಟೊ ತೆಗೆದುಕೊಂಡು ಬನ್ನಿ. ಡೇರೆಗೆ ಗಡ್ಡೆಯ ಆಸರೆ ಇದೆ, ಅದಕ್ಕೇ ಅದರ ಜೊತೆ ಸಾಹಸ ಮಾಡಬಹುದು.

ಈಗ ಕೆಲಸದ ಮಾತು. ಫೆಬ್ರವರಿ ಕೊನೆಗೆ ಹೂ ಸಣ್ಣದಾಗುತ್ತಾ ಬಂದಾಗ ನೀರು ಕಡಿಮೆ ಮಾಡುತ್ತಾ ಹೋಗಿ. ಎಲೆ ಹಳದಿಯಾದ ಮೇಲೆ ನಾಲ್ಕು ಬೆರಳು ದಂಟು ಬಿಟ್ಟು ಮೇಲಿನದನ್ನು ಕತ್ತರಿಸಿ. ಕುಂಡವನ್ನು ಮಗುಚಿ ಮಣ್ಣನ್ನು ಕೈಯಲ್ಲೇ ಬಿಡಿಸಿ. ಗಡ್ಡೆಯ ಕುತ್ತಿಗೆ ಮುರಿಯದ ಹಾಗೆ ನೋಡಿಕೊಳ್ಳಿ, ಇದು ಮುಖ್ಯ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ, ದಂಟು ಸೇರುವ ಜಾಗದಲ್ಲಿ ಮಾತ್ರ ಕಣ್ಣಿರುತ್ತದೆ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ.

ನೆರಳಲ್ಲಿ ಎರಡು ಮೂರು ದಿನ ಆರಿಸಿ, ಗಾಯವಾದ ಕಡೆ ಬೂದಿ ಮೆತ್ತಿ. ಮಣ್ಣಿನ ಮಡಕೆಯಲ್ಲಿ ತೆಂಗಿನ ನಾರಿನ ಪುಡಿ ಹಾಕಿ ಅದರೊಳಗೆ ಗಡ್ಡೆ ಹೂತಿಡಿ. ಪುಡಿ ಹಿಂಡಿದರೆ ನೀರು ಬರಬಾರದು, ಮುಟ್ಟಿದರೆ ತಣ್ಣಗಿರಬೇಕು, ಅಷ್ಟೇ. ಮಡಕೆ ತಾರಸಿಯಲ್ಲಿ ಬೇಡ. ಮನೆಯ ಅತಿ ತಂಪಾದ ಜಾಗಕ್ಕೆ ತನ್ನಿ. ನಮ್ಮಲ್ಲಿ ಅದು ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆ. ಚಳಿ ದೇಶದವರು ಇದನ್ನು 4ರಿಂದ 10 ಡಿಗ್ರಿಯಲ್ಲಿ ಇಡುತ್ತಾರೆ. ನಮಗೆ ಅದು ಫ್ರಿಡ್ಜಿನಲ್ಲಿ ಮಾತ್ರ ಸಾಧ್ಯ. ಒಂದೆರಡು ಗಡ್ಡೆಗೆ ತರಕಾರಿ ಡಬ್ಬ ಸಾಕು, ಆದರೆ ಮಾವಿನಕಾಯಿ ಬರುವ ಕಾಲದಲ್ಲಿ ಯಾವ ಅತ್ತೆ ಫ್ರಿಡ್ಜಿನಲ್ಲಿ ಜಾಗ ಬಿಟ್ಟುಕೊಡುತ್ತಾರೆ ಹೇಳಿ!

ತಿಂಗಳಿಗೊಮ್ಮೆ ಮಡಕೆ ಬಿಚ್ಚಿ ನೋಡಿ. ನಾನು ಅಮಾವಾಸ್ಯೆಗೆ ನೋಡುತ್ತೇನೆ, ಮರೆಯಬಾರದೆಂದು, ಬೇರೆ ಶಾಸ್ತ್ರವೇನಿಲ್ಲ. ಏಪ್ರಿಲ್, ಮೇನಲ್ಲಿ ಗಡ್ಡೆ ಸುಕ್ಕಾಗಿದ್ದರೆ ನಾಲ್ಕು ಹನಿ ನೀರು ಚಿಮುಕಿಸಿ. ಜುಲೈ ನಂತರ ಭಯ ತಿರುಗುಮುರುಗು. ಆಗ ಗಾಳಿಯೆಲ್ಲ ತೇವ, ಗಡ್ಡೆ ಕೊಳೆಯುತ್ತದೆ. ಒಣ ಮರಳು ಬೆರೆಸಿ ಬಾಯಿ ತೆರೆದಿಡಿ, ಮೆತ್ತಗಾದ ಭಾಗವನ್ನು ಗಟ್ಟಿ ಸಿಗುವವರೆಗೆ ಕೊಯ್ದು ತೆಗೆಯಿರಿ.

ಇಲ್ಲಿಯ ಸೆಕೆಗೆ ಕೆಲವು ಗಡ್ಡೆ ಪೂರ್ತಿ ಮಲಗುವುದೇ ಇಲ್ಲ, ಜೂನ್ ಜುಲೈನಲ್ಲೇ ಬಿಳಿ ಚಿಗುರು ಹೊರಡುತ್ತದೆ. ಮುರಿದು ಎಸೆಯಬೇಡಿ. ಸಣ್ಣ ಕುಂಡಕ್ಕೆ ಹಾಕಿ ಬೆಳಕಿರುವ ನೆರಳಲ್ಲಿಡಿ, ಗೊಬ್ಬರ ಕೊಡಬೇಡಿ, ಹೂ ನಿರೀಕ್ಷಿಸಬೇಡಿ. ಸೆಪ್ಟೆಂಬರ್‌ನಲ್ಲಿ ಅದರಿಂದಲೇ ಮೂರು ಇಂಚಿನ ಚಿಗುರುಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ ತೇವದ ಮರಳಿನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಲೋಟ ಮಗುಚಿ. ಎರಡು ಮೂರು ವಾರಕ್ಕೆ ಬೇರು. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಸುಮಾರು 11 ಗಂಟೆ. ಹಗಲು ಚಿಕ್ಕದಾದಾಗಲೇ ಡೇರೆ ಗಡ್ಡೆ ಕಟ್ಟುವುದು. ಹಾಗಾಗಿ ಚಿಗುರಿನಿಂದ ಬಂದ ಪುಟ್ಟ ಗಿಡವೂ ಫೆಬ್ರವರಿಗೆ ತನ್ನದೇ ಗಡ್ಡೆ ಮಾಡಿಕೊಂಡಿರುತ್ತದೆ. ನನಗೆ ಈ ದಾರಿಯ ಮೇಲೇ ಹೆಚ್ಚು ನಂಬಿಕೆ.

ಅಮ್ಮನ ಡೇರೆ ಎರಡೇ ಮನೆಗಳಲ್ಲಿತ್ತು. ಒಂದು ನಮ್ಮದು, ಇನ್ನೊಂದು ಸಿಂಗ್ ನಗರದಲ್ಲಿ ನಮ್ಮ ವೇದಿಕೆಯ ಅಕ್ಕ ಒಬ್ಬರದು. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿದಾಗ ಆ ಕಡೆಯ ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತದ್ದು ನಿಮಗೆಲ್ಲ ಗೊತ್ತು. ಅಕ್ಕನ ಮನೆಯಲ್ಲಿ ಅಕ್ಕಿ, ಹಾಸಿಗೆ, ಮಿಕ್ಸಿ ಹೋದವು. ಗಡ್ಡೆಯ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ನವೆಂಬರ್‌ನಲ್ಲಿ ಅವರೇ ಫೋನ್ ಮಾಡಿ, "ಮನೆಗೆ ಬಣ್ಣ ಬಳಿಸಿದೆವು ಕಣೆ, ನಿನ್ನ ಅಮ್ಮನ ಹೂ ಒಂದು ಕೊಡ್ತೀಯಾ?" ಅಂದರು. ಆ ಸಂಜೆಯೇ ಕೊಟ್ಟು ಬಂದೆ. ಎರಡು ಮನೆ ಸಾಲದು ಅಂತ ಅವತ್ತು ಅನ್ನಿಸಿತು.

ಈ ಸಲ ಬೇರು ಬಿಟ್ಟ ಹದಿನಾಲ್ಕು ಚಿಗುರು ಮಾಡಿಟ್ಟಿದ್ದೇನೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಬುಟ್ಟಿಯಲ್ಲಿರುತ್ತವೆ. ಕೆಳಮನೆಯಲ್ಲಿ ಇರುವವರಿಗೆ, ಮೂರನೆಯ ಮಹಡಿಯಲ್ಲಿ ಇರುವವರಿಗೆ ಎರಡು ಕಡೆಗೂ ಹಂಚಬೇಕು ಎಂದಿದೆ, ಒಂದು ಕಡೆ ನೀರಿನ ಭಯ, ಒಂದು ಕಡೆ ಕಾವಿನ ಭಯ. ಊರಿಗೆ ಹೋಗುವವರು ಯಾರಾದರೂ ಶಿರಸಿ ಕಡೆಗೆ ಒಂದು ಒಯ್ದರೆ ಇನ್ನೂ ಒಳ್ಳೆಯದು. ಹಣ ಬೇಡ. ಮುಂದಿನ ಸೆಪ್ಟೆಂಬರ್‌ನಲ್ಲಿ ನಿಮ್ಮ ಗಿಡದಿಂದ ಒಂದು ಚಿಗುರು ಇನ್ನೊಬ್ಬರಿಗೆ ಕೊಟ್ಟು, ಯಾರಿಗೆ ಕೊಟ್ಟಿರಿ ಅಂತ ನನಗೆ ಒಂದು ಮೆಸೇಜ್ ಹಾಕಿ.